ಮೂರು ತಿಂಗಳ ಸಕ್ಕರೆ

"ಲಗೂ ರಕ್ತ ತಗೀರಿ! ಪಾರಣಿ ಹೊತ್ತು ಮೀರ್ಲಿಕ್ಕತ್ತದ!"

ಸುಮೇಧಾ ಲ್ಯಾಬಿನ ಶಟರ್ ಇನ್ನೂ ಪೂರ್ತಿ ಎತ್ತಿರಲಿಲ್ಲ. ಬೆನ್ನ ಹಿಂದೆ ಗುಡುಗಿದ ಗಂಡು ದನಿಗೆ ಬೆಚ್ಚಿ ತಿರುಗಿದಳು. ಪಂಚೆ ಉಟ್ಟು, ಶಲ್ಯ ಹೊದ್ದು, ಹಣೆಗೆ ಗೋಪಿಚಂದನ ಹಚ್ಚಿಕೊಂಡ ಎತ್ತರದ ಯುವಕನೊಬ್ಬ ನಿಂತಿದ್ದ. ತೋಳನ್ನು ಆಗಲೇ ಮುಂದೆ ಚಾಚಿದ್ದ, ಅಲ್ಲೇ ಬೀದಿಯಲ್ಲೇ ಸೂಜಿ ಚುಚ್ಚಿಬಿಡಬೇಕು ಅನ್ನುವ ಹಾಗೆ!

"ನಮಸ್ಕಾರ ಅಂತ ಒಂದು ಇರ್ತದ್ರಿ," ಅಂದಳು ಸುಮೇಧಾ.

"ನಮಸ್ಕಾರ. ಈಗ ರಕ್ತ ತಗೀರಿ."

ಎಂಥ ಆಸಾಮಿ ಇವನು!

ಸವಣೂರಿನಲ್ಲಿ ಡಾಕ್ಟರ್ ಸುಮೇಧಾಳ ಎದುರು ಹೀಗೆ ಮಾತಾಡುವವರು ಕಡಿಮೆ. ಹುಬ್ಬಳ್ಳಿಯಲ್ಲಿ ಪೆಥಾಲಜಿ ಎಂ.ಡಿ. ಮುಗಿಸಿ ಬಂದು, ಮಠದ ದಾರಿಯಲ್ಲಿ ಸ್ವಂತ ಲ್ಯಾಬ್ ತೆರೆದವಳು. ಎಂಥವರನ್ನೂ ನಗುನಗುತ್ತಲೇ ಸುಮ್ಮನಾಗಿಸುವ ಬಾಯಿ ಅವಳದು. ಆದರೂ ಇವನ ಮುಖದ ಅವಸರ ನೋಡಿ ಅವಳಿಗೆ ಸಿಟ್ಟಿಗಿಂತ ನಗುವೇ ಹೆಚ್ಚು ಬಂತು.

ಟೆಕ್ನಿಶಿಯನ್ ಶಾಕೀರಾ ಇನ್ನೂ ಬಂದಿರಲಿಲ್ಲ. ಸುಮೇಧಾ ತಾನೇ ಅವನನ್ನು ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಬಿಗಿದಳು.

"ಹೆಸರು?"

"ಪ್ರಾಣೇಶ. ಶಿಗ್ಗಾಂವಿ ಕೋರ್ಟಿನಾಗ ವಕೀಲ. ವಯಸ್ಸು ಮೂವತ್ತಮೂರು. ಸಕ್ಕರಿ ಕಾಯಿಲೆ ನಾಲ್ಕು ವರ್ಷದ್ದು, ನಮ್ಮಪ್ಪನಿಂದ ಬಂದ ಆಸ್ತಿ. ಎಲ್ಲಾ ಹೇಳೇನಿ, ಚುಚ್ಚ್ರಿ."

ಸೂಜಿ ಹತ್ತಿರ ಬಂದದ್ದೇ ತಡ, ವಕೀಲರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು!

"ಅಂಜಿಕಿ ಏನು?"

"ಅಂಜಿಕಿ ಅಲ್ಲ. ಧ್ಯಾನ ಮಾಡ್ಲಿಕ್ಕತ್ತೇನಿ."

ಅವಳು ತುಟಿ ಕಚ್ಚಿ ನಗು ತಡೆದಳು. "ಧ್ಯಾನ ಆಮೇಲೆ ಮಾಡ್ರಿ. ನಿನ್ನಿ ರಾತ್ರಿ ಎಷ್ಟೊತ್ತಿಗೆ ಊಟ ಆತು?"

"ನಿನ್ನಿ ಏಕಾದಶಿ ಅಲ್ರಿ! ಒಂದ ಹನಿ ನೀರೂ ಮುಟ್ಟಿಲ್ಲ. ಗುಳಿಗಿನೂ ಇಲ್ಲ."

"ಇದಕ್ಕ ಮೊದಲು ಯಾವಾಗ ಟೆಸ್ಟ್ ಮಾಡಿಸಿದ್ರಿ?"

"ನಾ ಮಾಡಿಸೋದು ಯಾವಾಗಲೂ ದ್ವಾದಶಿ ಮುಂಜಾನೆನೇ. ಖಾಲಿ ಹೊಟ್ಟಿಲೇ ಬರ್ರಿ ಅಂತ ಹೇಳಾವ್ರು ನೀವು. ಏಕಾದಶಿ ಮರುದಿನ ಇದ್ದಷ್ಟು ಖಾಲಿ ಹೊಟ್ಟಿ ಮತ್ತ ಯಾವತ್ತು ಇರ್ತದ, ಹೇಳ್ರಿ ನೋಡೋಣ!"

ಸುಮೇಧಾಗೆ ಇನ್ನು ತಡೆಯಲಾಗಲಿಲ್ಲ. ನಕ್ಕುಬಿಟ್ಟಳು.

"ನಗ್ತೀರ್ಯಾಕ? ನಾಲ್ಕು ವರ್ಷದಾಗ ನನ್ನ ಸಕ್ಕರಿ ಒಮ್ಮೆನೂ ನೂರಾಹತ್ತು ದಾಟಿಲ್ಲ!"

"ಅದು ನಿಮ್ಮ ಸಕ್ಕರಿ ಅಲ್ಲ ವಕೀಲ್ರ, ಏಕಾದಶಿ ಸಕ್ಕರಿ. ರಾತ್ರಿ ಎಂದಿನಂಗ ಊಟ ಮಾಡಿ, ಬೆಳಿಗ್ಗೆ ಏನೂ ತಿನ್ನದ ಬರ್ರಿ ಅಂತೇವಿ ನಾವು. ನೀವು ಒಂದಿಡೀ ದಿನ ನೀರೂ ಬಿಟ್ಟು ಬರ್ತೀರಿ. ಇರ್ಲಿ, ಪಾರಣಿಗೆ ಏನು ತಿಂತೀರಿ?"

ಅಲ್ಲಿಯವರೆಗೆ ಪಟಪಟ ಮಾತಾಡುತ್ತಿದ್ದವನ ದನಿ ಸ್ವಲ್ಪ ಸಣ್ಣದಾಯಿತು. "ಮಠದಾಗ ಪಾಯಸ... ಹಯಗ್ರೀವ... ರಿಪೋರ್ಟ್ ಯಾವಾಗಲೂ ಛಲೋ ಬರ್ತದಲ್ಲ, ಅವ್ವ ಒಂದೆರಡು ಸೌಟು ಜಾಸ್ತಿ ಬಡಸ್ತಾಳ."

"ಮತ್ತ ಕೋರ್ಟಿನಾಗ ಚಹಾ?"

"ಕಕ್ಷಿದಾರರು ತರಿಸಿದ ಚಹಾ ಬ್ಯಾಡ ಅನ್ನಲಿಕ್ಕಾಗೂದಿಲ್ರಿ..."

"ನಿಮ್ಮ ಕೋರ್ಟಿನಾಗ ಒಬ್ಬನ ಸಾಕ್ಷಿ ಕೇಳಿ, ಅದೂ ಅವನು ಹದವಾಗಿದ್ದ ದಿನಾನ ಹುಡುಕಿ ಕೇಳಿ, ತೀರ್ಪು ಕೊಡ್ತಾರೇನು? ಮೂರು ತಿಂಗಳ ಟೆಸ್ಟ್ ಅಂತ ಒಂದದ, ಎಚ್‌ಬಿಎವನ್‌ಸಿ. ರಕ್ತದ ಕೆಂಪು ಕಣಕ್ಕ ಅಂಟಿಕೊಂಡ ಸಕ್ಕರಿ ನೋಡ್ತದ. ಒಂದಿನದ ಉಪವಾಸಕ್ಕ ಅದು ಬಗ್ಗೂದಿಲ್ಲ. ಮಾಡ್ಲೇನು?"

"ಮಾಡ್ರಿ! ಗೆಲ್ಲಾಂವ ನಾನ!"

ಹಾಗಂದು ಎದ್ದವನು ಬಾಗಿಲವರೆಗೆ ಓಡಿ, ಅಲ್ಲೇ ನಿಂತು ಹಿಂತಿರುಗಿ ನೋಡಿದ. ಮೊದಲ ಸಲ ನಕ್ಕ. ಅಷ್ಟು ಹೊತ್ತು ಜಗಳಕ್ಕೆ ನಿಂತಿದ್ದ ಮುಖ ಆ ನಗುವಿಗೆ ಎಷ್ಟು ಬದಲಾಯಿತೆಂದರೆ, ಸುಮೇಧಾ ಕೈಯಲ್ಲಿದ್ದ ಹತ್ತಿಯನ್ನು ಎಲ್ಲಿ ಹಾಕಬೇಕೆಂಬುದನ್ನೇ ಮರೆತಳು.

ಇವನಿಗೆ ಮದುವೆ ಆಗಿರಬಹುದಾ?

ಛೆ! ಇದೆಂಥ ಯೋಚನೆ ಬೆಳ್ಳಂಬೆಳಿಗ್ಗೆ!

ಮಧ್ಯಾಹ್ನದ ಹೊತ್ತಿಗೆ ಶಾಕೀರಾ ಹುಬ್ಬು ಗಂಟು ಹಾಕಿಕೊಂಡು ಬಂದಳು. "ಡಾಕ್ಟರ್ ಬಾಯಿ, ಇದೊಂದು ನೋಡ್ರಿ. ಉಪಾಸದ ಸಕ್ಕರಿ ನೂರಾ ಎರಡು ಐತಿ. ಮೂರು ತಿಂಗಳದ್ದು ಒಂಬತ್ತೂವರಿ! ಮಿಷನ್ ಕೆಟ್ಟೈತೇನ್ರಿ?"

ಮಿಷನ್ ಕೆಟ್ಟಿರಲಿಲ್ಲ. ಸುಮೇಧಾ ಹಿಮೋಗ್ಲೋಬಿನ್ ನೋಡಿದಳು, ಅದೂ ಸರಿ ಇತ್ತು. ಅದೇ ರಕ್ತವನ್ನು ಇನ್ನೊಮ್ಮೆ ಪರೀಕ್ಷೆ ಮಾಡಿದಳು. ಮತ್ತೆ ಒಂಬತ್ತೂವರೆ.

ಇಷ್ಟು ಸಕ್ಕರೆ ಸದ್ದಿಲ್ಲದೆ ಕಣ್ಣು ತಿನ್ನುತ್ತದೆ, ಕಿಡ್ನಿ ತಿನ್ನುತ್ತದೆ. ಆ ಮನುಷ್ಯ ಮುಂಜಾನೆ ಮಠದಲ್ಲಿ ಎರಡನೇ ಸೌಟು ಕಡಲೆಬೇಳೆ-ಬೆಲ್ಲದ ಹಯಗ್ರೀವ ಬಡಿಸಿಕೊಂಡು, ಈಗ ಗೆದ್ದೆನೆಂದು ಮೀಸೆ ತಿರುವುತ್ತಾ ಕೂತಿರುತ್ತಾನೆ! ಅವಳು ಮೊಬೈಲ್ ತೆಗೆದು ಬರೆದಳು: "ರಿಪೋರ್ಟ್ ಬಂದದ. ನೀವ ಬರ್ರಿ, ಎದುರಿಗೆ ಮಾತಾಡೋದದ. ಲ್ಯಾಬಿನ ಡಾಕ್ಟರ್."

ಉತ್ತರ ಸಂಜೆ ಬಂತು. "ಕೋರ್ಟಿನ ಗದ್ದಲ. ರವಿವಾರ ಸವಣೂರಿಗೆ ಬರೋದದ, ಆಗ ಬರ್ತೇನಿ. ಸೋಲು ಒಪ್ಪಿಕೊಳ್ಳಲಿಕ್ಕೆ ತಯಾರಾಗಿರ್ರಿ!"

ಅವಳು ಮನೆಗೆ ಹೋದಾಗ ಅಪ್ಪ ವೇದವ್ಯಾಸರು ಬಾಗಿಲಲ್ಲೇ ಕಾಯುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮಗಳಿಗೆ ಗಂಡು ಹುಡುಕುವುದೇ ಅವರಿಗೆ ನೌಕರಿ.

"ಸುಮೇಧಾ, ಮುಂಜಾನೆ ಮಠದಾಗ ಶಿಗ್ಗಾಂವಿ ಯಮುನಾಬಾಯಾರು ಸಿಕ್ಕಿದ್ರು. ಮಗ ಪ್ರಾಣೇಶ ಅಂತ, ವಕೀಲ. ರವಿವಾರ ನಿನ್ನ ನೋಡ್ಲಿಕ್ಕೆ ಕರಕೊಂಡು ಬರ್ತಾರ. ಹುಡುಗಗ ಸಕ್ಕರಿ ಕಾಯಿಲೆ ಅದ ಅಂತ ಅವರ ಹೇಳಿದ್ರು. ಮುಚ್ಚಿಟ್ಟಿಲ್ಲ, ನೋಡು! ಆದ್ರ ಭಾಳ ಹತೋಟಿಯೊಳಗ ಅದಂತ. ನಾಲ್ಕು ವರ್ಷದಾಗ ನೂರಾಹತ್ತು ದಾಟಿಲ್ಲಂತ."

ಸುಮೇಧಾ ಗೋಡೆಗೆ ಕೈ ಊರಿದಳು. ಅವನಾ? ಅವನೇನಾ?

ಸಂತೋಷ ಮೊದಲು ಬಂತು, ನಾಚಿಕೆಯಿಲ್ಲದೆ. ಅದರ ಬೆನ್ನಿಗೇ ಆ ಒಂಬತ್ತೂವರೆ ಬಂತು. ಅಪ್ಪನಿಗೆ ಹೇಳುವುದೇ? ಸಾಧ್ಯವಿಲ್ಲ. ನಂಬಿ ರಕ್ತ ಕೊಟ್ಟವನ ಗುಟ್ಟನ್ನು ಮನೆಯ ಪಡಸಾಲೆಯಲ್ಲಿ ಹರಡುವ ಡಾಕ್ಟರ್ ಅವಳಲ್ಲ.

ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಕೂತಳು. "ರವಿವಾರ ನೀವು ಬರೋದು ನಮ್ಮ ಮನಿಗೆ" ಅಂತ ಬರೆದಳು. ಅಳಿಸಿದಳು. ಇನ್ನೊಮ್ಮೆ ಬರೆದಳು... ಅದನ್ನೂ ಅಳಿಸಿದಳು. ಯಾಕೆ ಅಂತ ಕೇಳಿದ್ದರೆ ಆಗ ಅವಳು ಒಪ್ಪಿಕೊಳ್ಳುತ್ತಿರಲಿಲ್ಲ.

ಇನ್ನು ಪ್ರಾಣೇಶನಿಗೆ ತಾನು ನೋಡಲು ಹೊರಟ ಹುಡುಗಿ ಯಾರೆಂಬುದೂ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆ ಅಂದ ಕೂಡಲೇ ನಾಲ್ಕು ಮನೆಯವರು ಒಲ್ಲೆ ಅಂದಿದ್ದರು. ಅಂದಿನಿಂದ ಅವನು ಹುಡುಗಿಯರ ಹೆಸರು ಕೇಳುವುದನ್ನೇ ಬಿಟ್ಟಿದ್ದ. ಅವ್ವ ಕರೆದಲ್ಲಿಗೆ ಹೋಗುವುದು, ಅವಲಕ್ಕಿ ತಿನ್ನುವುದು, ಬರುವುದು. ಇಷ್ಟೇ.

ರವಿವಾರ ಬಂತು.

ಅವಲಕ್ಕಿ ತಟ್ಟೆ ಹಿಡಿದು ಹೊರಬಂದ ಸುಮೇಧಾಳನ್ನು ಕಂಡು ಪ್ರಾಣೇಶ ಎದ್ದೇ ನಿಂತ! "ನೀವಾ?" ಅನ್ನುವುದು ಅವನ ತುಟಿಯಲ್ಲೇ ಉಳಿಯಿತು. ಮರುಕ್ಷಣ ಆ ಮುಖ ಅರಳಿದ್ದನ್ನು ಅವಳು ಕಣ್ಣಾರೆ ಕಂಡಳು.

ಅಷ್ಟರಲ್ಲಿ ಯಮುನಾಬಾಯಿ ಶುರು ಮಾಡಿದ್ದರು. "ಏಕಾದಶಿ ಒಂದೂ ತಪ್ಪಿಸಿಲ್ಲರಿ ನಮ್ಮ ಪ್ರಾಣೇಶ. ಅದರ ಪುಣ್ಯ, ಸಕ್ಕರಿ ನೂರಾಹತ್ತರ ಒಳಗ ಅದ."

"ಭಾಳ ಛಲೋ ಆತು," ಅಂದರು ವೇದವ್ಯಾಸರು. "ನಮ್ಮ ಹುಡುಗಿದ ಲ್ಯಾಬ್ ಅದ. ಸುಮೇಧಾ, ನೀನೂ ಒಮ್ಮೆ ಇವರ ರಕ್ತ ನೋಡಿ ಹೇಳಿಬಿಡು, ನಮಗೂ ಸಮಾಧಾನ."

ಎಲ್ಲರ ಕಣ್ಣೂ ಅವಳ ಮೇಲೆ.

"ಅವರ ರಕ್ತದ ಮಾತು ಅವರ ಆಡ್ಬೇಕು ಅಪ್ಪಾ. ನಾ ಆಡೂದಿಲ್ಲ," ಅಂದಳು ಅವಳು, ಗಟ್ಟಿಯಾಗಿ.

ಪ್ರಾಣೇಶನ ನಗು ಅಲ್ಲೇ ನಿಂತಿತು. ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹಿರಿಯರು ಹಿತ್ತಲಿಗೆ ಕಳಿಸಿದ್ದೇ ತಡ, ಅವನು ಕೇಳಿದ.

"ಎಷ್ಟು ಬಂತು?"

"ಒಂಬತ್ತೂವರೆ. ಏಳರ ಕೆಳಗ ಇರಬೇಕಿತ್ತು. ಎರಡು ಸಲ ನೋಡೇನಿ."

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಯಿಗೆ ಬಂದ ಮಾತು ಕೆಟ್ಟದಾಗಿತ್ತು.

"ನಾ ಇವತ್ತು ನಿಮ್ಮ ಮನಿಗೇ ಬರೋದು ಅಂತ ನಿಮಗ ಗೊತ್ತಿತ್ತು. ಹೌದಲ್ಲ?"

"ಗೊತ್ತಿತ್ತು. ಆದ್ರ ರಕ್ತ ತಗೊಂಡಾಗ ಗೊತ್ತಿದ್ದಿಲ್ಲ. ಅವತ್ತು ಸಂಜಿಕೆ..."

"ಸಾಕ್ರಿ! ನಾ ಕೇಳದ ಇದ್ದ ಟೆಸ್ಟಿಗೆ ನೀವಾಗೇ ಹೂಂ ಅನ್ನಿಸಿದ್ರಿ. ಆಮೇಲೆ ಹೇಳಲಿಲ್ಲ. ಹಿರಿಯರ ಎದುರಿಗೆ ನಾ ಆಡೂದಿಲ್ಲ ಅಂತ ಎಲ್ಲಾ ಆಡಿದ್ರಿ. ನಾಲ್ಕು ಮನಿಯವರು ಬಾಯಿ ಮಾತಿಲೇ ಒಲ್ಲೆ ಅಂದ್ರು. ನೀವು ಮಿಷನ್ ಹಚ್ಚಿ ಒಲ್ಲೆ ಅನ್ಲಿಕ್ಕತ್ತೀರಿ!"

"ನಾ ಒಲ್ಲೆ ಅಂದೇನೇನು?" ಅಂದಳು ಅವಳು. ಕೇಳಿಸಿಕೊಳ್ಳಲು ಅವನು ನಿಂತಿರಲಿಲ್ಲ.

"ಅವ್ವಾ, ನಡಿ ಹೋಗೋಣ," ಅನ್ನುವುದು ಪಡಸಾಲೆಯಿಂದ ಕೇಳಿಸಿತು.

ಮರುದಿನ ಯಮುನಾಬಾಯಿಯವರ ಫೋನು ಬಂತು. ಹುಡುಗಿ ಏನೋ ಅಂದಿದ್ದಾಳೆ, ಮಗ ಎರಡು ತುತ್ತು ಸರಿಯಾಗಿ ಉಂಡಿಲ್ಲ, ಇಷ್ಟು ಬಾಯಿ ಜೋರಿದ್ದರೆ ಹೇಗೆ ಅಂತ. ಅಪ್ಪ ಕೆಂಡವಾದರು.

"ಅಂಥ ಛಲೋ ಹುಡುಗ! ಏನಂದಿ ನೀನು? ಯಾಕ ಒಲ್ಲೆ ಅಂದಿ?"

ಆ ಒಂದು ಅಂಕಿ ಹೇಳಿದ್ದರೆ ಅವಳ ಮೇಲಿನ ಆರೋಪ ಅಲ್ಲೇ ಕಳಚಿ ಬೀಳುತ್ತಿತ್ತು. ಅಪ್ಪ ಅವಳ ತಲೆ ಸವರಿ, ಬಚಾವಾದೆವು ಅನ್ನುತ್ತಿದ್ದರು. ಆದರೆ ಆಮೇಲೆ ಸವಣೂರಿನಿಂದ ಶಿಗ್ಗಾಂವಿಯವರೆಗೆ ಪ್ರಾಣೇಶನಿಗೆ ಇನ್ನೊಂದು ಮನೆಯ ಬಾಗಿಲು ತೆರೆಯುತ್ತಿರಲಿಲ್ಲ.

"ನನ್ನ ಕೇಳಬ್ಯಾಡ ಅಪ್ಪಾ," ಅಂದಳು. ಬೈಸಿಕೊಂಡಳು. ಒಳಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು ಅವನಿಗೆ ಬರೆದಳು: "ಜಗಳ ನನ್ನ ಜೋಡಿ ಇರ್ಲಿ, ರಿಪೋರ್ಟಿನ ಜೋಡಿ ಬ್ಯಾಡ. ಡಾಕ್ಟರ್ ಕಡೆ ಹೋಗ್ರಿ. ಕಣ್ಣೂ ತೋರಿಸ್ರಿ."

ಎರಡು ನೀಲಿ ಗೆರೆ ಮೂಡಿದವು. ಉತ್ತರ ಬರಲಿಲ್ಲ.

ದಿನಗಳು ಕಳೆದವು. ಸುಮೇಧಾ ಮೊದಲಿನಂತೆಯೇ ಕೆಲಸ ಮಾಡಿದಳು, ನಕ್ಕಳು, ಬಂಕಾಪುರದಲ್ಲಿ ಸಕ್ಕರೆ ಕಾಯಿಲೆಯ ಕ್ಯಾಂಪು ನಡೆಸಿ ಬಂದಳು. ಆದರೆ ದ್ವಾದಶಿ ಬಂದಾಗ ಮಾತ್ರ ಅವಳ ಲ್ಯಾಬಿನ ಶಟರ್ ಎಂದಿಗಿಂತ ಬೇಗ ತೆರೆಯುತ್ತಿತ್ತು.

"ಕೆಲಸ ಭಾಳ ಅದ, ಅದಕ್ಕ," ಅಂದಳು ಶಾಕೀರಾಗೆ.

"ದ್ವಾದಶಿ ದಿನ ಅಷ್ಟ ಕೆಲಸ ಭಾಳ ಇರ್ತೈತೇನ್ರಿ ಬಾಯಿ?" ಅಂತ ಶಾಕೀರಾ ಮುಖ ತಿರುಗಿಸಿ ನಕ್ಕಳು.

ಅವನು ಯಾವ ದ್ವಾದಶಿಗೂ ಬರಲಿಲ್ಲ. ಅವನಿಗೆ ಏನಾದರೂ ಆಗಿದ್ದರೆ? ಸಿಟ್ಟಿನಲ್ಲಿ ಔಷಧಿಯನ್ನೂ ಬಿಟ್ಟಿದ್ದರೆ? ಸಂಬಂಧ ಮುರಿದ ನೋವನ್ನು ಅವಳು ಹೇಗೋ ನುಂಗಬಲ್ಲಳು. ಅವನ ಕಣ್ಣಿಗೆ ಕತ್ತಲೆ ಬಂದರೆ? ಅದನ್ನು ನುಂಗಲು ಆಗುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ, ಒಂದು ಸಾದಾ ಸೋಮವಾರ, ಮಧ್ಯಾಹ್ನದ ಊಟದ ಹೊತ್ತು. ಲ್ಯಾಬಿನಲ್ಲಿ ಗದ್ದಲವೋ ಗದ್ದಲ. "ಮುಂದಿನವರು ಬರ್ರಿ," ಅಂತ ಕರೆದ ಸುಮೇಧಾ ತಲೆ ಎತ್ತಿದಳು.

ಕರಿ ಕೋಟು, ಬಿಳಿ ಬ್ಯಾಂಡು. ಸ್ವಲ್ಪ ತೆಳ್ಳಗಾಗಿದ್ದ. ನೇರವಾಗಿ ಅವಳನ್ನೇ ನೋಡುತ್ತಿದ್ದ.

"ಊಟ ಮಾಡಿ ಬಂದೇನಿ," ಅಂದ ಪ್ರಾಣೇಶ. "ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ಮೂರು ತಿಂಗಳ ಟೆಸ್ಟಿಗೆ ನಡೀತದಲ್ಲ?"

ಅವಳ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಅವನಿಗೂ ಕೇಳಿಸಿರಬೇಕು! ಮುಖ ಮಾತ್ರ ಡಾಕ್ಟರಮ್ಮನದೇ. "ನಡೀತದ. ಕುಂತ್ಕೋರಿ."

ಸೂಜಿ ಚುಚ್ಚುವಾಗ ಅವನು ಈ ಸಲ ಕಣ್ಣು ಮುಚ್ಚಲಿಲ್ಲ. ಶಾಕೀರಾ ರಕ್ತದ ನಳಿಗೆ ತೆಗೆದುಕೊಂಡು ಹೋಗುವಾಗ ಬಾಗಿಲನ್ನೂ ಎಳೆದುಕೊಂಡಳು. ಯಾರೂ ಹೇಳಿರಲಿಲ್ಲ.

"ನಿಮ್ಮ ಮನಿಯಿಂದ ಹೋದ ಮರುದಿನ ಹುಬ್ಬಳ್ಳಿಗೆ ಹೋದೆ," ಅಂದ ಅವನು. "ನಿಮ್ಮ ರಿಪೋರ್ಟ್ ಖೋಟಾ ಅಂತ ಸಾಬೀತು ಮಾಡ್ಲಿಕ್ಕೆ. ಅಲ್ಲೂ ಒಂಬತ್ತೂವರೆ ಬಂತು. ಮೇಲ್ಮನವಿ ವಜಾ ಆತು."

ಅವಳು ನಗಲಿಲ್ಲ. "ಡಾಕ್ಟರ್ ಕಡೆ ಹೋದ್ರೇನು? ಕಣ್ಣು?"

"ಎಲ್ಲಾ ತೋರಿಸ್ದೆ. ಕಣ್ಣು, ಕಿಡ್ನಿ, ಕಾಲು ಎಲ್ಲಾ ಹದವಾಗಿ ಅವ. ಇನ್ನೊಂದೆರಡು ವರ್ಷ ಹಿಂಗ ನಡಸಿದ್ರ ಇರ್ತಿದ್ದಿಲ್ಲ ಅಂದ್ರು ಡಾಕ್ಟರು. ಔಷಧ ಬದಲಿ ಮಾಡ್ಯಾರ. ಏಕಾದಶಿಗೆ ಹಾಲು ಹಣ್ಣು ತಗೋತೇನಿ, ಗುಳಿಗಿ ಬಿಡೂದಿಲ್ಲ. ಅವ್ವಗ ಎಲ್ಲಾ ಹೇಳಿದೆ. ಎರಡು ದಿನ ಮಾತಾಡ್ಲಿಲ್ಲ, ಆಮೇಲೆ ಬೆಲ್ಲದ ಡಬ್ಬಿ ಅಟ್ಟಕ್ಕ ಏರಿಸಿದ್ಲು."

"ಇಷ್ಟೆಲ್ಲಾ ಆಗಿ ನನಗ ಒಂದು ಮೆಸೇಜ್ ಹಾಕ್ಲಿಕ್ಕೆ ಆಗ್ಲಿಲ್ಲೇನು?" ಕಡೆಗೂ ಅವಳ ದನಿ ಒಡೆಯಿತು. "ನೀಲಿ ಗೆರೆ ನೋಡ್ಕೋತ ಕುಂತಿದ್ದೆ ನಾ!"

"ಯಾವ ಮುಖ ಇಟ್ಕೊಂಡು ಹಾಕ್ಲಿ?" ಅವನು ತಲೆ ತಗ್ಗಿಸಿದ. "ಇವತ್ತು ಮುಂಜಾನೆ ನಿಮ್ಮಪ್ಪನ ಕಡೆ ಹೋಗಿದ್ದೆ. ನನಗ ಒಂಬತ್ತೂವರೆ ಇತ್ತು, ಅದಕ್ಕ ಅವತ್ತು ಎದ್ದು ಹೋದೆ, ನಿಮ್ಮ ಮಗಳದು ಒಂದೂ ತಪ್ಪಿಲ್ಲ ಅಂದೆ. ಅವರು ಕುರ್ಚಿಯೊಳಗ ಕುಸದ ಕುಂತ್ರು. ಮೂರು ತಿಂಗಳು ಆಕಿಗೆ ಬೈದೆನಲ್ಲೋ ತಮ್ಮಾ, ಒಂದ ಮಾತು ಹೇಳ್ಲಿಲ್ಲ ಅಂದ್ರು..." ಅವನು ಕಣ್ಣೆತ್ತಿ ಅವಳನ್ನು ನೋಡಿದ. "ನಾ ಆಡಬಾರದ್ದು ಆಡಿದ್ದೆ. ನೀವು ನನ್ನ ಗುಟ್ಟು ಕಾಯಕೊಂಡು ಮನಿಯವರ ಕಡೆ ಬೈಸಿಕೊಂಡ್ರಿ. ಯಾಕ?"

"ಆ ಅಂಕಿ ನಿಮ್ಮದು. ಯಾರಿಗೆ ಹೇಳ್ಬೇಕು, ಬಿಡ್ಬೇಕು ಅನ್ನೋದು ನಿಮ್ಮ ಕೈಯಾಗ ಇತ್ತು."

"ತಪ್ಪಾತು, ಸುಮೇಧಾ."

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಮೊದಲ ಸಲ ಕೇಳಿದ್ದಳು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

"ಇನ್ನೊಂದು ಕೇಳ್ಲೇನು?" ಅಂದ ಅವನು ಮೆಲ್ಲಗೆ. "ನೋಡ್ಲಿಕ್ಕೆ ಬರಾಂವ ನಾನ ಅಂತ ನಿಮಗ ಗೊತ್ತಾದದ್ದು ಟೆಸ್ಟ್ ಮಾಡಿದ ಮ್ಯಾಲೆನೇ, ನಂಬ್ತೇನಿ. ಗೊತ್ತಾದ ಕೂಡ್ಲೇ ಫೋನಿನಾಗ ಯಾಕ ಹೇಳ್ಲಿಲ್ಲ?"

ಇದೊಂದು ಪ್ರಶ್ನೆಗೆ ಸುಮೇಧಾಳ ಬಳಿ ಜಾಣ ಉತ್ತರವಿರಲಿಲ್ಲ. ಇದ್ದದ್ದು ನಿಜ ಒಂದೇ.

"ಹೇಳಿದ್ರ ನೀವು ಹೆಣ್ಣು ನೋಡ್ಲಿಕ್ಕೆ ಬರ್ತಿದ್ದಿಲ್ಲ," ಅಂದಳು. "ನಾಚಿಕೆಪಟ್ಟು ಅಲ್ಲೇ ಉಳೀತಿದ್ರಿ. ನನಗ... ನೀವು ಬರಬೇಕಿತ್ತು. ಅಷ್ಟ. ತಪ್ಪು ನಂದೂ ಅದ."

ಪ್ರಾಣೇಶ ನಕ್ಕ. ನಗುತ್ತಲೇ ಇದ್ದ.

"ಯಾಕ? ಏನಾತು?"

"ಆ ರವಿವಾರ ನಾ ಯಾಕ ಬಂದಿದ್ದೆ ಗೊತ್ತದೇನು? ಅವಲಕ್ಕಿ ತಿಂದು, ಈ ಹುಡುಗಿ ನನಗ ಬ್ಯಾಡ ಅಂತ ಅವ್ವಗ ಹೇಳಿ, ಅಲ್ಲಿಂದ ಸೀದಾ ಲ್ಯಾಬಿಗೆ ಬರಬೇಕಂತ! ರಕ್ತ ತಗೊಂಡಾಕಿ ತಲಿಯೊಳಗ ಕುಂತುಬಿಟ್ಟಿದ್ಲು. ಆಕಿ ಹೆಸರು ಸುದ್ದಾ ಗೊತ್ತಿದ್ದಿಲ್ಲ ನನಗ."

ಸುಮೇಧಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಅವನು ಎದ್ದು ಬಂದು, ಹತ್ತಿರ ನಿಂತು, ಮುಟ್ಟಲು ಧೈರ್ಯ ಸಾಲದೆ ಸುಮ್ಮನೆ ನಿಂತುಕೊಂಡ. ಕೋರ್ಟಿನಲ್ಲಿ ಇವನಷ್ಟು ಗಟ್ಟಿಯಾಗಿ ವಾದಿಸುವವರಿಲ್ಲ ಅನ್ನುತ್ತಾರೆ ಶಿಗ್ಗಾಂವಿಯವರು!

ಬಾಗಿಲು ತಟ್ಟಿದ ಸದ್ದಾಯಿತು. ಶಾಕೀರಾ ಕೈ ಮಾತ್ರ ಒಳಗೆ ಚಾಚಿ ರಿಪೋರ್ಟ್ ಕೊಟ್ಟಳು. "ಹೊರಗ ಬೆಂಚಿನ ಮ್ಯಾಲೆ ಕುಂತ ಬಾಯಾರು, ಎಷ್ಟು ಬಂತು ಅಂತ ನನ್ನ ಜೀವಾ ತಿನ್ನಾಕತ್ತಾರ್ರಿ. ನಾ ಹೇಳಾಕಿಲ್ಲ ಅಂದ್ರ, ನಿಮ್ಮ ಡಾಕ್ಟರಂಗ ನೀನೂ ಹಟಮಾರಿ ಅದೀ ಅಂದ್ರು."

"ಯಾರು?" ಸುಮೇಧಾ ಗಾಬರಿಯಾದಳು.

"ನಮ್ಮವ್ವ," ಅಂದ ಪ್ರಾಣೇಶ. "ಹೆಣ್ಣು ನೋಡ್ಲಿಕ್ಕೆ ಬಂದಾಳ. ಹೋದ ಸಲ ಸರಿಯಾಗಿ ನೋಡ್ಲಿಲ್ಲಂತ."

ಸುಮೇಧಾ ರಿಪೋರ್ಟ್ ಬಿಡಿಸಿದಳು. ಓದಿದಳು. ಇನ್ನೊಮ್ಮೆ ಓದಿದಳು.

"ಎಷ್ಟು?" ಅವನ ದನಿಯಲ್ಲಿ ವಕೀಲಿಕೆ ಒಂದಿಷ್ಟೂ ಇರಲಿಲ್ಲ.

"ಏಳು ಪಾಯಿಂಟ್ ಎರಡು."

"ಗೆದ್ದೆ!"

"ಎಲ್ಲಿ ಗೆದ್ರಿ? ಏಳರ ಕೆಳಗ ಬರಬೇಕು ಅಂದಿದ್ದೆನಲ್ಲ."

ಅವನ ಮುಖ ಬಾಡಿತು. ಒಂದು ಹೆಜ್ಜೆ ಹಿಂದೆ ಸರಿದು, ತಡವರಿಸುತ್ತಾ ಕೇಳಿದ. "ಹಂಗಾದ್ರ... ಒಪ್ಪಿಗಿ ಇಲ್ಲೇನು?"

ಸುಮೇಧಾ ರಿಪೋರ್ಟನ್ನು ಮಡಚಿ ಅವನ ಕೋಟಿನ ಜೇಬಿಗಿಟ್ಟಳು. ಇಟ್ಟ ಕೈಯನ್ನು ಹಿಂದೆ ತೆಗೆಯಲಿಲ್ಲ.

"ಈ ಅಂಕಿಗೆ ಇಲ್ಲ," ಅಂದಳು. "ನಿಮಗ ಅದ."